ಮೆಟ್ಟಿಲು ಆ ಕಡೆ ಹಾಕಿ ತೋರಿಸಿ

ಯಾರ ಮನೆ ಗೃಹಪ್ರವೇಶಕ್ಕೆ ಹೋದರೂ ಮೇಡಂ ಮೊದಲು ನೋಡುತ್ತಿದ್ದುದು ಮೆಟ್ಟಿಲು. ದೇವರ ಮನೆ ಆಮೇಲೆ, ಊಟ ಅದಕ್ಕೂ ಆಮೇಲೆ. ಬರಿಗಾಲಲ್ಲಿ ಒಂದು ಸಲ ಹತ್ತಿ ಇಳಿದು ಬಂದು, ಮನೆಯಾಕೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಎದುರಿಗೆ ನಿಂತಾಗ, "ಏಳನೇ ಮೆಟ್ಟಿಲು ಅರ್ಧ ಇಂಚು ಎತ್ತರ ಇದೆ ಕಣಮ್ಮ, ನೋಡ್ಕೊಂಡು ಇಳೀರಿ" ಅಂದುಬಿಡುತ್ತಿದ್ದರು. ಆ ಮನೆಯ ಪ್ಲಾನು ನಮ್ಮ ಆಫೀಸಿನದೇ ಆಗಿದ್ದರೂ ಅಷ್ಟೆ. ಒಮ್ಮೆ ನಾನು ಅವರ ಹಿಂದೆಯೇ ಹೋಗಿ ಟೇಪು ಹಿಡಿದು ಅಳೆದೆ. ಅರ್ಧ ಇಂಚಲ್ಲ, ಮುಕ್ಕಾಲು ಇಂಚಿತ್ತು.

"ತಪ್ಪು ಹೇಳಿದ್ರಿ ಮೇಡಂ" ಅಂದೆ, ಗೆದ್ದ ಖುಷಿಯಲ್ಲಿ.

"ಶುಭದ ಮನೆ ಅಂತ ಕಾಲಿಂಚು ಬಿಟ್ಟುಕೊಟ್ಟೆ ಕಣೇ" ಅಂದರು.

ಈ ಮೇಡಂ ಈಗ ಕೆಂಗೇರಿಯ ಒಂದು ತರಬೇತಿ ಸಂಸ್ಥೆಯಿಂದ ನಿವೃತ್ತರಾಗುತ್ತಿದ್ದಾರೆ. ಬೀಳ್ಕೊಡುಗೆಯ ಪುಸ್ತಿಕೆಗೆ ಏನಾದರೂ ಬರೆದುಕೊಡಿ ಅಂತ ಅವರ ವಿದ್ಯಾರ್ಥಿನಿಯರು ಕೇಳಿದರು. ಮೇಡಂಗೆ ಫೋನ್ ಮಾಡಿ ಒಪ್ಪಿಗೆ ಕೇಳಿದೆ. "ಬರಿ. ಹೆಸರು ಮಾತ್ರ ಹಾಕಬೇಡ. ಹಾಕಿದ್ರೆ ನಾಳೆಯಿಂದ ಸಿಕ್ಕಸಿಕ್ಕೋರೆಲ್ಲ ಬಂದು ನಮ್ಮನೆ ಮೆಟ್ಟಿಲು ಅಳೆದು ಕೊಡಿ ಅಂತಾರೆ" ಅಂದರು. ಹೀಗಾಗಿ ಇಲ್ಲಿ ಹೆಸರಿಲ್ಲ. ಆಫೀಸಿನಲ್ಲೂ ಯಾರೂ ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ನಮ್ಮ ಸಾರ್ ಕೂಡ, ತಾವೇ ಕಟ್ಟಿದ ಆಫೀಸಿನಲ್ಲಿ, ಮೇಡಂ ಅಂತಲೇ ಕರೆಯುತ್ತಿದ್ದರು.

ನಿವೃತ್ತಿಯ ಲೇಖನಗಳ ಮೇಲೆ ನನಗೆ ನಂಬಿಕೆ ಕಡಿಮೆ. ಶಾಲು ಹೊದಿಸಿದ ಕೂಡಲೇ ಮನುಷ್ಯರು ವಿಪರೀತ ಒಳ್ಳೆಯವರಾಗಿಬಿಡುತ್ತಾರೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಮೇಡಂ ಹಟಮಾರಿ. ಫ್ಯಾನಿನ ರೆಗ್ಯುಲೇಟರ್ ವಿಷಯದಲ್ಲಿ ಸರ್ವಾಧಿಕಾರಿ. ಬೇರೆಯವರ ಡ್ರಾಯಿಂಗಿನಲ್ಲಿ ತಪ್ಪು ಸಿಕ್ಕಾಗ ಅವರ ಮುಖದಲ್ಲಿ ಕಾಣುತ್ತಿದ್ದ ಸಂತೋಷ ಅಷ್ಟು ಸಾತ್ವಿಕವಾದದ್ದೇನೂ ಅಲ್ಲ.

ವಿಜಯನಗರದಲ್ಲಿ ಒಂದು ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಆರ್ಕಿಟೆಕ್ಟ್ ಸಾರ್, ಇಪ್ಪತ್ತು ವರ್ಷದಿಂದ ನಕ್ಷೆ ಬರೆಯುತ್ತಿದ್ದ ಡ್ರಾಫ್ಟ್ಸ್‌ಮನ್ ಮೇಡಂ, ಕಾಲೇಜು ಮುಗಿಸಿ ಆಗಷ್ಟೇ ಸೇರಿದ ನಾನು. ಡ್ರಾಫ್ಟ್ಸ್‌ಮನ್ ಅನ್ನೋದು ಹೆಂಗಸಿಗೆ ಒಪ್ಪುವ ಪದ ಅಲ್ಲ ಅಂತ ಮೊದಲನೇ ದಿನವೇ ವಾದ ತೆಗೆದೆ. "ಸರ್ಟಿಫಿಕೇಟಲ್ಲಿ ಹಾಗೇ ಇದೆ. ಬದಲಾಯಿಸೋಕೆ ಹೋದ್ರೆ ಅಫಿಡವಿಟ್ ಕೇಳ್ತಾರೆ" ಅಂದು ಮುಗಿಸಿದರು. ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಗಳಿಗೆ ಊರೂರು ತಿರುಗಿ ಬಂದವಳಿಗೆ ಇಂಥ ಉತ್ತರದ ಅಭ್ಯಾಸವಿರಲಿಲ್ಲ. ಅವತ್ತಿನಿಂದ ನಾನು ವಕೀಲಮ್ಮ ಆದೆ.

ಅವರು ಕೆಲಸ ಕಲಿತದ್ದು ಟ್ರೇಸಿಂಗ್ ಪೇಪರಿನ ಮೇಲೆ ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದ ಕಾಲದಲ್ಲಿ. ತಪ್ಪಾದರೆ ಬ್ಲೇಡಿನಿಂದ ಶಾಯಿಯನ್ನು ಮೆಲ್ಲಗೆ ಕೆರೆದು ತೆಗೆಯಬೇಕು. ಸ್ವಲ್ಪ ಒತ್ತಿದರೆ ಕಾಗದವೇ ತೂತು. ನಾನು ನೋಡುವ ಹೊತ್ತಿಗೆ ಅವರು ಕಂಪ್ಯೂಟರಿನಲ್ಲಿ ಗೆರೆ ಎಳೆಯುತ್ತಿದ್ದರು. ಎಡಗೈ ಕೀಬೋರ್ಡಿನ ಮೇಲೆ ಹೊಲಿಗೆ ಮಿಷನ್ನಿನ ಹಾಗೆ ಓಡುತ್ತಿತ್ತು. ಆದರೂ ಜಾಮಿಟ್ರಿ ಬಾಕ್ಸಿನಲ್ಲಿ ಅರ್ಧ ಬ್ಲೇಡು ಭದ್ರವಾಗಿ ಇತ್ತು. "ಇದ್ಯಾಕೆ ಮೇಡಂ ಇನ್ನೂ?" ಅಂದರೆ, "ಗೆರೆ ಎಳೆಯೋದು ಯಾರಿಗೆ ಬೇಕಾದ್ರೂ ಬರುತ್ತೆ. ಅಳಿಸೋಕೆ ಬರುತ್ತಾ ಅನ್ನೋದು ಮುಖ್ಯ" ಅನ್ನುತ್ತಿದ್ದರು. ಇದನ್ನು ದೊಡ್ಡವರು ಆಡುವ ಒಣ ಉಪದೇಶ ಅಂತ ತಿಳಿದು ಬಿಟ್ಟಿದ್ದೆ.

ಮೆಟ್ರೋ ಬರುತ್ತಂತೆ ಅನ್ನೋ ಮಾತಿಗೇ ಅತ್ತಿಗುಪ್ಪೆಯಲ್ಲಿ ಹಳೇ ಮನೆಗಳು ಉರುಳಿ ಮೂರು ಮಹಡಿ ಏಳುತ್ತಿದ್ದ ದಿನಗಳು ಅವು. ರಾಜರಾಜೇಶ್ವರಿನಗರದ ಕಡೆ ಒಂದು ಅಪಾರ್ಟ್‌ಮೆಂಟ್ ಕೆಲಸ ನಮಗೆ ಸಿಗುವಂತಿತ್ತು. ಆ ಬಿಲ್ಡರು ಒಂದು ಷರತ್ತು ಹಾಕಿದ: ಬರೀ ಗೆರೆ ಬೇಡ, ಕಂಪ್ಯೂಟರಿನಲ್ಲಿ ಇಡೀ ಕಟ್ಟಡದ ಮಾಡೆಲ್ ಬೇಕು. ಹಳೆಯ ಪದ್ಧತಿಯಲ್ಲಿ ಗೋಡೆ ಅಂದರೆ ಎರಡು ಗೆರೆ. ಪ್ಲಾನಿನಲ್ಲಿ ಕಿಟಕಿ ಸರಿಸಿದರೆ ಹೊರನೋಟದ ಎಲಿವೇಶನ್ನಿನಲ್ಲಿ ಬೇರೆಯಾಗಿ ಸರಿಸಬೇಕು, ಮನೆಯನ್ನು ಸೀಳಿ ಒಳಗು ತೋರಿಸುವ ಸೆಕ್ಷನ್ನಿನಲ್ಲಿ ಇನ್ನೊಂದು ಸಲ. ಹೊಸ ಸಾಫ್ಟ್‌ವೇರುಗಳಲ್ಲಿ ಗೋಡೆ ಅಂದರೆ ಗೋಡೆಯೇ. ಒಂದು ಕಡೆ ಸರಿಸಿದರೆ ಎಲ್ಲ ಕಡೆ ಸರಿಯುತ್ತದೆ. ಸೆಕ್ಷನ್ನು, ಎಲಿವೇಶನ್ನು ತಾವಾಗಿಯೇ ಬರುತ್ತವೆ.

ಆಫೀಸಿನಲ್ಲಿ ಸೆಕ್ಷನ್ನು, ಎಲಿವೇಶನ್ನು ಬರೆಯುತ್ತಿದ್ದವರು ಮೇಡಂ.

ಮೂರು ಸಾಫ್ಟ್‌ವೇರುಗಳನ್ನು ಹೋಲಿಸಿ ಒಂದನ್ನು ಆರಿಸುವ ಕೆಲಸ ಸಾರ್ ನನಗೆ ಕೊಟ್ಟರು. ನಾನು ಹದಿನಾಲ್ಕು ಸಾಲಿನ ಪಟ್ಟಿ ಮಾಡಿದೆ. ವೇಗ, ಚಿತ್ರದ ಅಂದ, ಕಲಿಯಲು ಬೇಕಾದ ದಿನ, ಹೀಗೆ. ಪ್ರತಿ ಸಾಲಿಗೂ ಅಂಕ. ಒಂಬತ್ತನೇ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬಹಳ ನಾಜೂಕಾಗಿ ಬರೆದಿದ್ದೆ: ಸೆಕ್ಷನ್, ಎಲಿವೇಶನ್‌ಗೆ ಪ್ರತ್ಯೇಕ ಡ್ರಾಫ್ಟ್ಸ್‌ಮನ್ ಬೇಕಾಗುವುದಿಲ್ಲ. ಅದಕ್ಕೆ ಹತ್ತಕ್ಕೆ ಹತ್ತು.

ಮೀಟಿಂಗಿನಲ್ಲಿ ಮೇಡಂ ಆ ಪಟ್ಟಿಯನ್ನು ಪೂರ್ತಿ ಓದಿದರು. ಒಂಬತ್ತನೇ ಸಾಲನ್ನೂ ಓದಿದರು, ನಾನು ನೋಡಿದೆ. ಆಮೇಲೆ ಸ್ಕೇಲಿನಿಂದ ಮೇಜನ್ನು ಒಮ್ಮೆ ತಟ್ಟಿ, "ಇದರಲ್ಲಿ ಮೆಟ್ಟಿಲು ಎಲ್ಲಿದೆ?" ಅಂದರು.

"ಮೆಟ್ಟಿಲು ಎಲ್ಲದರಲ್ಲೂ ಬರುತ್ತೆ ಮೇಡಂ."

"ಹಾಕೋಕೆ ಬರುತ್ತೆ. ಕೀಳೋಕೆ? ಸಾರ್, ಈ ಸಾಫ್ಟ್‌ವೇರ್ ಮಾರೋ ಮೂರೂ ಜನಕ್ಕೆ ಗೌಡ್ರ ಮನೆ ಪ್ಲಾನು ಕೊಡಿ. ಪೂರ್ತಿ ಮಾಡ್ಕೊಂಡು ಬರಲಿ. ಬಂದಮೇಲೆ ನಾನು ಮೆಟ್ಟಿಲು ಆ ಕಡೆ ಹಾಕಿ ಅಂತೀನಿ. ನಮ್ಮೆದುರಿಗೇ ಹಾಕಲಿ."

ಗೌಡರು ಅತ್ತಿಗುಪ್ಪೆಯ ಹಳೇ ಊರಿನವರು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಕೆಳಗೆ ತಾವು, ಮೇಲೆ ಮೂರು ಬಾಡಿಗೆ ಮನೆ ಅಂತ ಪ್ಲಾನು ಮಾಡಿಸುತ್ತಿದ್ದರು. ಎಂಟು ತಿಂಗಳಲ್ಲಿ ಮೆಟ್ಟಿಲು ನಾಲ್ಕು ದಿಕ್ಕಿಗೂ ಹೋಗಿ ಬಂದಿತ್ತು. "ಅದೇನೋ ಈಶಾನ್ಯದಾಗೆ ಮೆಟ್ಲು ಇರ್ಬಾರ್ದಂತೆ ಕಣಮ್ಮ, ವಾಸ್ತುದವ್ನು ಬೈದ" ಅಂತ ಬರುವುದು, ಮೂರು ವಾರಕ್ಕೆ "ನಮ್ಮ ಭಾವಮೈದ ಬೇರೆ ವಾಸ್ತುದವನ್ನ ಕರ್ಕೊಬಂದಿದ್ದ, ಅಲ್ಲೇ ಇರ್ಲಿ ಅಂದ" ಅಂತ ಬರುವುದು. ಪ್ರತಿ ಸಲವೂ ಮೇಡಂ ಒಂದು ದಿನ ಪೂರ್ತಿ ಕೂತು ಎಲ್ಲ ಹಾಳೆಗಳನ್ನೂ ತಿದ್ದುತ್ತಿದ್ದರು.

ನಾನು ಒಮ್ಮೆ ಗೌಡರ ಜೊತೆಗೇ ವಾದಕ್ಕೆ ನಿಂತಿದ್ದೆ, ವಾಸ್ತುವಿಗೆ ಏನು ಆಧಾರ ಅಂತ. ಅವರು ಹೋದಮೇಲೆ ಮೇಡಂ ಹೇಳಿದ್ದು: "ವಾಸ್ತುಗೆ ಆಧಾರ ಇಲ್ಲದೇ ಇರಬಹುದು. ಗೌಡ್ರು ಇದಾರಲ್ಲ. ಅವರಿರೋದಂತೂ ನಿಜ ತಾನೆ?"

ಮೀಟಿಂಗಿನಲ್ಲಿ ಮೇಡಂ ಇಟ್ಟ ಈ ಪರೀಕ್ಷೆ ನನ್ನ ಹದಿನಾಲ್ಕು ಸಾಲುಗಳನ್ನು ನುಂಗಿಹಾಕುತ್ತಿದೆ ಅಂತ ಅನಿಸಿ ನನಗೆ ಉರಿಯಿತು. ಸೋಲುವ ಹೊತ್ತಿಗೆ ಎದುರಾಳಿಯ ವಾದ ಬಿಟ್ಟು ಎದುರಾಳಿಯ ಮೇಲೇ ಹೋಗಬಾರದು ಅಂತ ಕಾಲೇಜಿನಲ್ಲಿ ಜೂನಿಯರುಗಳಿಗೆ ಪಾಠ ಹೇಳಿದವಳು ನಾನು. ಸಾರ್ ಕಡೆ ತಿರುಗಿ ಹೇಳಿದೆ: "ಸಾರ್, ಇದು ಪರೀಕ್ಷೆ ಅಲ್ಲ. ಮೂರೂ ಫೇಲಾಗಲಿ ಅಂತಲೇ ಇಟ್ಟಿರೋದು. ಹೊಸದು ಬಂದ್ರೆ ಮೇಡಂ ಕೆಲಸಕ್ಕೆ ತೊಂದರೆ. ಅದಕ್ಕೇ ಇದೆಲ್ಲ."

ಕೆಳಗಿನ ಅಂಗಡಿಯಲ್ಲಿ ಯಾರೋ ಟೈಲ್ಸು ಕತ್ತರಿಸುತ್ತಿದ್ದರು. ಆ ಸದ್ದು ನಿಲ್ಲುವವರೆಗೆ ಮೇಡಂ ಕಾದರು.

"ಪಾಯಿಂಟು ಸರಿ ಇದೆ" ಅಂದರು. "ಆದ್ರೆ ಎರಡು ಪಾಯಿಂಟ್ ಸೇರಿಸಿ ಒಂದು ಮಾಡಿದೀಯ. ಕೆಲಸ ಹೋಗುತ್ತೆ ಅಂತ ನಂಗೆ ಭಯ ಇದೆ. ಅದೊಂದು. ಗೌಡ್ರು ಮೆಟ್ಟಿಲು ಸರಿಸ್ತಾರೆ. ಅದು ಇನ್ನೊಂದು. ಮೊದಲನೇದು ಇದೆ ಅಂತ ಎರಡನೇದು ಸುಳ್ಳಾಗಲ್ಲ ವಕೀಲಮ್ಮ."

ಮೈಕು, ಗಂಟೆ, ತೀರ್ಪುಗಾರರು ಯಾವುದೂ ಇಲ್ಲದ ಕಡೆ ಇಷ್ಟು ಅಚ್ಚುಕಟ್ಟಾಗಿ ನಾನು ಎಂದೂ ಸೋತಿರಲಿಲ್ಲ. ಪರೀಕ್ಷೆ ಖಾಯಂ ಆಯಿತು.

ಡೆಮೊ ಕೊಡಲು ಮೂವರೂ ಒಂದೇ ದಿನ ಬಂದರು. ಮೇಡಂ ಅದನ್ನು ವರ ನೋಡುವ ಶಾಸ್ತ್ರ ಅಂತ ಕರೆದು, ಹೋಟೆಲಿನಿಂದ ಕೇಸರಿಬಾತು ಉಪ್ಪಿಟ್ಟು ತರಿಸಿದರು.

ಮೊದಲನೆಯವನು ಟೈ ಕಟ್ಟಿದ್ದ. ಅವನದು ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ. ಪರದೆಯ ಮೇಲೆ ಗೌಡರ ಮನೆ ಸಂಜೆ ಬೆಳಕಿನಲ್ಲಿ ಮಿರಮಿರ ಮಿಂಚುತ್ತಿತ್ತು. ಗೇಟಿನ ಮುಂದೆ ಕೆಂಪು ಕಾರು, ಪೋರ್ಟಿಕೋದಲ್ಲಿ ಬ್ಯಾಗು ಹಿಡಿದ ಎತ್ತರದ ಬಿಳಿ ಹೆಂಗಸು.

"ಇವರ‍್ಯಾರು? ಮೇಲಿನ ಮನೆಗೆ ಬಾಡಿಗೆಗೆ ಬಂದೋರಾ?" ಅಂದರು ಮೇಡಂ.

"ಇಲ್ಲ ಮೇಡಂ, ಅದು ಸುಮ್ನೆ, ಫೀಲ್‌ಗೆ."

"ಸರಿ. ಮೆಟ್ಟಿಲು ಆ ಕಡೆ ಹಾಕಿ ತೋರಿಸಿ."

ಹಾಕಿದ. ಮೆಟ್ಟಿಲು ಜಿಗಿದು ನೈಋತ್ಯಕ್ಕೆ ಹೋಯಿತು. ಮೇಲಿನ ತಾರಸಿಯಲ್ಲಿ ಮೆಟ್ಟಿಲಿಗಾಗಿ ಬಿಟ್ಟಿದ್ದ ತೆರಪು ಮಾತ್ರ ಈಶಾನ್ಯದಲ್ಲೇ ಉಳಿಯಿತು. ಮೆಟ್ಟಿಲು ಸೀದಾ ಹೋಗಿ ಕಾಂಕ್ರೀಟಿಗೆ ಗುದ್ದಿ ಮುಗಿಯುತ್ತಿತ್ತು. "ಹತ್ತಿದೋರ ತಲೆ?" ಅಂತ ಕೇಳಿದರು ಮೇಡಂ. "ಅದನ್ನ ನಾವೇ ಸರಿಮಾಡ್ಕೋಬೇಕು ಮೇಡಂ" ಅಂದ. "ತಲೆಯನ್ನಾ?" ಅಂತ ಕೇಳಿ, ಅವನ ತಟ್ಟೆಗೆ ಇನ್ನೊಂದು ಚಮಚ ಕೇಸರಿಬಾತು ಬಡಿಸಿದರು.

ಎರಡನೆಯದರಲ್ಲಿ ಎಲ್ಲವೂ ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಂಡಿದ್ದವು. ಮೆಟ್ಟಿಲು ಎಳೆದ ಕೂಡಲೇ ಪಕ್ಕದ ಬಚ್ಚಲಿನ ಗೋಡೆಯೂ ಜೊತೆಗೆ ಹೊರಟು, ಕಂಪ್ಯೂಟರು ಯೋಚನೆಗೆ ಬಿತ್ತು. ನಾವು ಕಾಫಿ ಕುಡಿದೆವು. ಅದು ಇನ್ನೂ ಯೋಚಿಸುತ್ತಿತ್ತು. "ಪಾಪ, ನಮ್ಮ ಗೌಡ್ರ ಹಾಗೇ" ಅಂದರು ಮೇಡಂ.

ಮೂರನೆಯವನು ಗದಗ ಕಡೆಯ ಹುಡುಗ. ನಮ್ಮೂರಿಗೆ ಬಂದು ಆರು ತಿಂಗಳಾಗಿತ್ತಂತೆ. ಅವನ ಮಾಡೆಲ್ ಬೂದಿ ಬಣ್ಣದ್ದು, ಕಾರಿಲ್ಲ, ಗಿಡವಿಲ್ಲ. ನಾನು ಅದಕ್ಕೆ ಅಂದದಲ್ಲಿ ಹತ್ತಕ್ಕೆ ಮೂರು ಕೊಟ್ಟಿದ್ದೆ. "ಯಾವ ಕಡೆ ಹಾಕೂಣ್ರಿ ಮೇಡಂ?" ಅಂತ ಕೇಳಿ ಮೆಟ್ಟಿಲು ಎತ್ತಿ ಇಟ್ಟ. ತಾರಸಿಯ ತೆರಪು ಹಿಂದೆಯೇ ಬಂತು. ಎಲಿವೇಶನ್ನಿನಲ್ಲಿ ಮೆಟ್ಟಿಲ ಕಿಟಕಿ ಈ ಬದಿಯಿಂದ ಆ ಬದಿಗೆ ಹೋಗಿ ಕೂತಿತು. ಸೆಕ್ಷನ್ ತೆರೆದರೆ ಅಲ್ಲೂ ಎಲ್ಲ ಬದಲಾಗಿತ್ತು, ಅಳತೆಯ ಅಂಕಿಗಳ ಸಮೇತ. ಮೇಡಂ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕನ್ನಡಕ ಏರಿಸಿದರು.

"ಲ್ಯಾಂಡಿಂಗ್ ಕೆಳಗಿನ ಬಚ್ಚಲಲ್ಲಿ ತಲೆ ತಾಗುತ್ತೆ."

"ಹೌದ್ರಿ, ತಾಗ್ತದ. ಅದಕ್ಕ ತೋರಸ್ತದ್ರಿ ಅದು."

"ವಾಪಸ್ ಹಾಕಿ."

ಹಾಕಿದ.

"ಈಗ ಆಗ್ನೇಯಕ್ಕೆ." ಹಾಕಿದ. "ಇನ್ನೊಂದ್ಸಲ ವಾಪಸ್." ಹಾಕಿದ. "ನಮ್ಮ ಸೈಟು ಚಚ್ಚೌಕ ಇಲ್ಲ. ಹಿಂದಿನ ಗೋಡೆ ಏಳಿಂಚು ಸೊಟ್ಟ." ಗೋಡೆ ಸೊಟ್ಟ ಮಾಡಿದ, ಮನೆ ಪೂರ್ತಿ ಅದಕ್ಕೆ ಹೊಂದಿಕೊಂಡಿತು. ಆ ಹುಡುಗನ ಉಪ್ಪಿಟ್ಟು ಆರಿಹೋಗಿತ್ತು. ಅವನು ಅದನ್ನು ಮುಟ್ಟೇ ಇರಲಿಲ್ಲ.

ಮೇಡಂ ತುಂಬ ಹೊತ್ತು ಆ ಸೆಕ್ಷನ್ನನ್ನೇ ನೋಡಿದರು. ಇಪ್ಪತ್ತು ವರ್ಷ ಅವರು ಬರೆದದ್ದು ಅದನ್ನೇ. ಆಮೇಲೆ ಸಾರ್ ಕಡೆ ತಿರುಗಿದರು. "ಇದೇ ತಗೊಳ್ಳಿ ಸಾರ್. ನಾನು ಒಂದು ದಿನ ಕೂತು ಮಾಡೋದನ್ನ ಇದು ಉಪ್ಪಿಟ್ಟು ಆರೋಷ್ಟರಲ್ಲಿ ಮಾಡ್ತು."

ಪರೀಕ್ಷೆ ಫೇಲು ಮಾಡಿಸಲು ಇಟ್ಟಿದ್ದು ಅಂತ ನಾನು ಹೇಳಿದ್ದೆನಲ್ಲ. ಆ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿರಲಿಲ್ಲ. ಅವರೂ ಅವತ್ತು ಅದನ್ನು ಎತ್ತಲಿಲ್ಲ.

ಸಾರ್ ಎರಡು ಕಂಪ್ಯೂಟರಿಗೆ ಸಾಫ್ಟ್‌ವೇರ್ ತೆಗೆದುಕೊಂಡರು. ಒಂದು ನನಗೆ, ಇನ್ನೊಂದು ಮಾಡೆಲಿಂಗ್ ಬಲ್ಲ ಹೊಸ ಹುಡುಗನಿಗೆ. ಮೇಡಂ ಕೈಯಲ್ಲಿರುವ ಹಳೇ ಕೆಲಸಗಳು ಮುಗಿಯುವವರೆಗೆ ಇರಲಿ ಅಂತಾಯಿತು. ನಾನು ಸಾರ್ ಕ್ಯಾಬಿನ್ನಿಗೆ ಹೋದೆ. ಸರಿಯಾಗಿ ತಯಾರಾಗಿಯೇ ಹೋಗಿದ್ದೆ.

"ಸಾರ್, ಮೇಡಂ ಕಲೀತಾರೆ. ಟ್ರೇಸಿಂಗಿಂದ ಕಂಪ್ಯೂಟರಿಗೆ ಬಂದೋರು, ಇದೇನು ಮಹಾ?"

"ಕಲಿಯೋಷ್ಟು ಟೈಮ್ ಇಲ್ಲಮ್ಮ. ಬಿಲ್ಡರ್ ಕೂತಿದಾನೆ."

"ಅವರಿಲ್ದೆ ಡ್ರಾಯಿಂಗ್ ಚೆಕ್ ಮಾಡೋರು ಯಾರು ಸಾರ್?"

ಸಾರ್ ಡ್ರಾಯರ್ ಎಳೆದು ನನ್ನ ಹದಿನಾಲ್ಕು ಸಾಲಿನ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಒಂಬತ್ತನೇ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿತ್ತು. "ನೀನೇ ಬರೆದಿದ್ದಲ್ವಾ? ಹತ್ತಕ್ಕೆ ಹತ್ತು ಬೇರೆ ಕೊಟ್ಟಿದೀಯ."

ಸಾರ್ ಕೆಟ್ಟವರಲ್ಲ. ಲೆಕ್ಕದಲ್ಲಿ ತಪ್ಪೂ ಇರಲಿಲ್ಲ. ನನ್ನ ಮಾತಿಗೆ ನಾನೇ ಎದುರು ಪಕ್ಷದಲ್ಲಿ ನಿಂತು ಸೋತು ಬಂದೆ.

ಮೇಡಂ ಇರಬೇಕಾಗಿದ್ದದ್ದು ಇನ್ನು ಎರಡು ತಿಂಗಳು. ಅಷ್ಟರಲ್ಲಿ ಗೌಡರ ಮನೆ ಹೊಸ ಸಾಫ್ಟ್‌ವೇರಿನಲ್ಲಿ ಸಿದ್ಧವಾಯಿತು, ನನ್ನ ಕೈಯಿಂದ. ಮೆಟ್ಟಿಲು ನೈಋತ್ಯದಲ್ಲಿ. ಜಾಗ ಉಳಿಸಲು ತಿರುವಿನಲ್ಲಿ ಸಮತಟ್ಟಾದ ಲ್ಯಾಂಡಿಂಗ್ ತೆಗೆದು ತ್ರಿಕೋನದ ಮೆಟ್ಟಿಲು ಹಾಕಿದ್ದೆ. ಸಾಫ್ಟ್‌ವೇರಿನಲ್ಲಿ ಒಂದು ಕ್ಲಿಕ್ಕು, ಅಷ್ಟೆ. ಎತ್ತರ ಸರಿ, ಅಗಲ ಸರಿ, ತಲೆ ತಾಗುವುದಿಲ್ಲ. ಪ್ರಿಂಟ್ ತೆಗೆದು ಮೇಡಂ ಮುಂದೆ ಹಿಡಿದೆ.

ಅವರು ಮದುವೆ ಕಾರ್ಡೊಂದರ ಹಿಂಬದಿಯಲ್ಲಿ ಸ್ಕೇಲಿಟ್ಟು ಒಂದು ಸಣ್ಣ ಆಯತ ಬರೆದರು. ಜಾಮಿಟ್ರಿ ಬಾಕ್ಸಿನ ಅರ್ಧ ಬ್ಲೇಡಿನಿಂದ ಅದನ್ನು ಕತ್ತರಿಸಿ ತೆಗೆದರು. ಪ್ಲಾನಿನ ಮೇಲಿಟ್ಟು ಮೆಟ್ಟಿಲ ಮೇಲೆ ಒಂದು ಬೆರಳಿನಿಂದ ತಳ್ಳುತ್ತ ಹೋದರು. ತಿರುವಿನಲ್ಲಿ ಆ ರಟ್ಟು ಎರಡೂ ಗೋಡೆ ದಾಟಿ ಹೊರಗೆ ಚಾಚಿತು.

"ಏನು ಮೇಡಂ ಇದು?"

"ಬೀರು. ಬಟ್ಟೆಬರೆ ಇಡೋ ಕಬ್ಬಿಣದ ಬೀರು. ಗೌಡ್ರದು ಮೂರು ಬಾಡಿಗೆ ಮನೆ. ಹನ್ನೊಂದು ತಿಂಗಳ ಅಗ್ರಿಮೆಂಟು. ವರ್ಷವರ್ಷ ಈ ಮೆಟ್ಟಿಲ ಮೇಲೆ ಒಂದು ಬೀರು ಹತ್ತುತ್ತೆ, ಒಂದು ಇಳಿಯುತ್ತೆ. ನಿನ್ನ ಸಾಫ್ಟ್‌ವೇರಿಗೆ ಬೀರು ಗೊತ್ತಾ?"

ಗೊತ್ತಿರಲಿಲ್ಲ. ಮೊದಲೇ ಮಾಡಿಟ್ಟ ಸಾಮಾನುಗಳ ಅದರ ಲೈಬ್ರರಿಯಲ್ಲಿ ಚರ್ಮದ ಸೋಫಾ ಇತ್ತು, ಪಿಯಾನೋ ಇತ್ತು, ಬೀರು ಇರಲಿಲ್ಲ. ಆದರೂ ನಾನು ಸುಮ್ಮನಿರುವವಳೇ? "ಗೊತ್ತಿಲ್ದೇ ಇರಬಹುದು. ಕಲಿಸಬಹುದಲ್ಲ ಮೇಡಂ? ಅದನ್ನೂ ಮಾಡೆಲ್ ಮಾಡಿ ಇಟ್ಟರೆ ಆಯ್ತು."

"ಹೌದಾ? ಮಾಡು ಮತ್ತೆ" ಅಂದು ಕುರ್ಚಿ ನನ್ನ ಪಕ್ಕಕ್ಕೆ ಎಳೆದುಕೊಂಡರು.

ಅಲ್ಲಿಂದ ಹೋಗುವ ದಿನದವರೆಗೂ ಅವರು ಆ ಕುರ್ಚಿ ಬಿಟ್ಟು ಏಳಲಿಲ್ಲ ಅಂತಲೇ ಹೇಳಬೇಕು. ಮೊದಲು ಬೀರು ಮಾಡಿದೆವು. ಆಮೇಲೆ ಗ್ಯಾಸ್ ಸಿಲಿಂಡರು, ರುಬ್ಬೋ ಕಲ್ಲು, ತುಳಸಿ ಕಟ್ಟೆ, ಮೆಟ್ಟಿಲ ಕೆಳಗೆ ನಿಲ್ಲಿಸುವ ಸ್ಕೂಟರು, ಸಂಪಿನ ಮುಚ್ಚಳ, ನೀರು ಬಾರದ ದಿನಕ್ಕೆ ಅಡುಗೆಮನೆಯಲ್ಲಿ ಸಾಲಾಗಿ ಇಡುವ ಪ್ಲಾಸ್ಟಿಕ್ ಬಿಂದಿಗೆಗಳು. ಒಂದೊಂದಕ್ಕೂ ಅಳತೆ ಅವರ ಬಾಯಲ್ಲೇ ಇತ್ತು. ನಾನು ಅನುಮಾನಪಟ್ಟು ನಮ್ಮ ಬಸವೇಶ್ವರನಗರದ ಮನೆಯ ಸಿಲಿಂಡರನ್ನು ಅಳೆದು ಬಂದ ದಿನ, "ಏನಂತೆ ಸಾಕ್ಷಿ?" ಅಂತ ಕೇಳಿದರು. ಸಾಕ್ಷಿ ಅವರ ಕಡೆಗೇ ಹೇಳಿತ್ತು.

ಕೊನೆಗೆ ಮನುಷ್ಯ ಉಳಿದ. ಲೈಬ್ರರಿಯಲ್ಲಿ ಒಬ್ಬನೇ ಇದ್ದ: ಆರಡಿ ಎರಡಿಂಚಿನ, ಸೂಟ್‌ಕೇಸು ಹಿಡಿದ ಗಂಡಸು. ಮೇಡಂ ಅವನನ್ನು ಗೌಡರ ಅಡುಗೆಮನೆಯಲ್ಲಿ ನಿಲ್ಲಿಸಿ ನೋಡಿದರು. "ಇವನಿಗೆ ಸಜ್ಜಾ ಮೇಲಿನ ಡಬ್ಬ ಎಟಕುತ್ತೆ. ಆದ್ರೆ ಇವನು ಯಾವತ್ತೂ ಒಗ್ಗರಣೆ ಹಾಕಲ್ಲ. ತೆಗಿ ಇವನ್ನ."

ಅವನ ಜಾಗಕ್ಕೆ ತಾವೇ ಗೋಡೆಗೆ ಬೆನ್ನು ಕೊಟ್ಟು ನಿಂತರು. ನಾನು ಟೇಪು ಹಿಡಿದೆ. ಐದಡಿ ಒಂದಿಂಚು. ಕೈ ಮೇಲೆತ್ತಿದರು, ಬೆರಳ ತುದಿಗೆ ಆರಡಿ ನಾಲ್ಕಿಂಚು. "ಕಾಲಿಂಚು ಏನಾದ್ರೂ ಬಿಟ್ಟುಕೊಡಲಾ ಮೇಡಂ?" ಅಂದೆ. "ನೀನು ಅಳಿ, ದಾನ ಮಾಡಬೇಡ" ಅಂದರು.

ಕೊನೆಯ ದಿನ ಸಂಜೆ ಅವರು ಜಾಮಿಟ್ರಿ ಬಾಕ್ಸು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ, "ಕ್ಷಮಿಸಿ ಮೇಡಂ" ಅಂದೆ.

"ಯಾವುದಕ್ಕೆ? ಸರಿಯಾಗಿ ಹೇಳು. ಎರಡು ಪಾಯಿಂಟ್ ಸೇರಿಸಬೇಡ."

"ಒಂಬತ್ತನೇ ಸಾಲಿಗೆ."

"ಅದು ನಿಜ ಇತ್ತಲ್ಲ. ನಿಜ ಬರೆದಿದ್ದಕ್ಕೆ ಯಾಕೆ ಕ್ಷಮೆ?" ಚೀಲದ ಜಿಪ್ಪು ಎಳೆದರು. "ಅವತ್ತು ಮೀಟಿಂಗಲ್ಲಿ ನನ್ನ ವಿಷಯ ಹೇಳುವಾಗ ಸಾರ್ ಮುಖ ನೋಡ್ಕೊಂಡು ಹೇಳಿದೆ. ನಾನು ಪಕ್ಕದಲ್ಲೇ ಕೂತಿದ್ದೆ. ಅದಕ್ಕೆ ಬೇಕಾದ್ರೆ ಕೇಳು."

ಅವರ ಮುಖ ನೋಡಿಕೊಂಡು ಕೇಳಿದೆ. "ಆಯ್ತು ಬಿಡು. ಫ್ಯಾನು ಜೋರು ಮಾಡ್ಕೋ ಇನ್ನು" ಅಂದು, ಟೈಲ್ಸ್ ಅಂಗಡಿಯ ಪಕ್ಕದ ಮೆಟ್ಟಿಲು ಇಳಿದು ಹೋದರು. ನಾಲ್ಕನೇ ಮೆಟ್ಟಿಲಿನಲ್ಲಿ ಸ್ವಲ್ಪ ತಡೆದು ಕಾಲಿಟ್ಟರು. ಅದು ಒಂದು ಇಂಚು ತಗ್ಗು ಅಂತ ಅವರು ಮೊದಲಿನಿಂದ ಹೇಳುತ್ತಿದ್ದರು.

ಆಮೇಲೆ ಕೆಂಗೇರಿಯಲ್ಲಿ ಹೆಣ್ಣುಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡಲು ಸೇರಿದರು. ಆ ಸಾಫ್ಟ್‌ವೇರನ್ನು ಅಲ್ಲೇ ಕಲಿತು, ಅಲ್ಲೇ ಕಲಿಸಿದರು ಅಂತ ವಿದ್ಯಾರ್ಥಿನಿಯರಿಂದ ಗೊತ್ತಾಯಿತು. ಕಲಿಯಲು ಹಿಡಿದದ್ದು ಹದಿನೆಂಟು ದಿನವಂತೆ. ಇದನ್ನು ಸಾರ್‌ಗೆ ಫೋನ್ ಮಾಡಿ ಹೇಳಿದೆ. ಅವರು ಮಾತು ಬದಲಿಸಿದರು.

ನಾನು ಈಗ ಬೇರೆ ಆಫೀಸಿನಲ್ಲಿದ್ದೇನೆ. ಬರುವಾಗ ಆ ಲೈಬ್ರರಿಯನ್ನು ಸಾರ್ ಒಪ್ಪಿಗೆ ಕೇಳಿ ತಂದೆ. ಅದರಲ್ಲಿ ಸೆರಗು ಸಿಕ್ಕಿಸಿಕೊಂಡು, ಒಂದು ಕೈ ಮೇಲೆತ್ತಿ ನಿಂತ, ಐದಡಿ ಒಂದಿಂಚಿನ ಒಬ್ಬ ಹೆಂಗಸಿನ ಆಕೃತಿ ಇದೆ. ಫೈಲಿನ ಹೆಸರು 'ಮೇಡಂ'. ಯಾವ ಮನೆ ಮಾಡೆಲ್ ಮಾಡಿದರೂ ಅವರನ್ನು ಮೊದಲು ಮೆಟ್ಟಿಲ ತಿರುವಿನಲ್ಲಿ ತಂದು ನಿಲ್ಲಿಸುತ್ತೇನೆ. ಬಾಕಿದ್ದೆಲ್ಲ ಆಮೇಲೆ.

ಮೊನ್ನೆ ದೀಪಾಂಜಲಿ ನಗರದ ಕ್ಲೈಂಟೊಬ್ಬರು ಪ್ರಿಂಟ್ ನೋಡುತ್ತ, "ಎಲ್ಲಾ ಚೆನ್ನಾಗಿದೆ. ಈ ಯಮ್ಮ ಯಾಕೆ ಮೆಟ್ಟಿಲ ಮೇಲೆ ನಿಂತಿರೋದು?" ಅಂತ ಕೇಳಿದರು.

"ಬೀರು ತಿರುಗುತ್ತಾ ಅಂತ ನೋಡ್ತಿದಾರೆ ಸಾರ್" ಅಂದೆ.

ಅವರು ಪ್ರಿಂಟನ್ನು ಹತ್ತಿರ ಹಿಡಿದು ಒಂದು ಗಳಿಗೆ ನೋಡಿದರು. "ತಿರುಗುತ್ತಂತಾ?"